ಯಂತ್ರದೊಳಗಿನ ಯಂತ್ರ ಮತ್ತು ಇಳಕಲ್ಲಿನ ಅಂಚು

ಕಂಪ್ಯೂಟರ್ ಕೆಟ್ಟಾಗ ಮೊದಲು ಏನು ಮಾಡಬೇಕು ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದರೆ, ಪರದೆಯ ಮೇಲೆ ಬಂದ ಸಂದೇಶವನ್ನು ಪೂರ್ತಿ ಓದಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನೂ ಒಂದು ಕಾಲಕ್ಕೆ ನಕ್ಕವಳೇ. ಸಂದೇಶ ಬಂದ ಕೂಡಲೇ ಓಕೆ ಒತ್ತಿ ಮುಂದೆ ಹೋಗುವುದೇ ಜಾಣತನ ಎಂದುಕೊಂಡಿದ್ದೆ. ಆ ಚಾಳಿ ಬಿಡಿಸಿದವರು ನಮ್ಮ ಲ್ಯಾಬಿನ ಮುಖ್ಯಸ್ಥರಾಗಿದ್ದ ಬೆಣ್ಣೂರ ಸರ್. ನಾನು ಬರೆಯುತ್ತಿರುವುದು ಹೆಚ್ಚಾಗಿ ಅವರ ವಿಷಯ, ಜೊತೆಗೆ ಇಳಕಲ್ಲಿನ ಮಹಾಂತಪ್ಪ ಎಂಬ ಹಿರಿಯರ ವಿಷಯ. ನಡುವೆ ನನ್ನ ತಪ್ಪುಗಳೂ ಬರುತ್ತವೆ.

ತೊಂಬತ್ತರ ದಶಕದ ಕೊನೆಗೆ ನಾನು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಹಳೆ ಊರಿನ ಓಣಿಗಳು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿದ್ದ ಕಾಲ. ಊರಿನ ಅರ್ಧ ಜನ ಸಾಮಾನು ಕಟ್ಟುವುದರಲ್ಲಿ, ಉಳಿದರ್ಧ ಬಿಚ್ಚುವುದರಲ್ಲಿ ಇದ್ದರು. ನಮ್ಮ ಲ್ಯಾಬಿನಲ್ಲಿ ಮಾತ್ರ ಎಲ್ಲವೂ ಶಿಸ್ತಾಗಿತ್ತು. ಚಪ್ಪಲಿ ಹೊರಗೆ, ಪರದೆಗಳಿಗೆ ಬಟ್ಟೆಯ ಮುಸುಕು, ಬಾಗಿಲ ಬಳಿ ಗುಂಯ್‌ಗುಡುವ ಸ್ಟೆಬಿಲೈಜರ್. ಆಗಿನ ವಿಂಡೋಸ್ ಪಾಸ್‌ವರ್ಡ್ ಕೇಳುತ್ತಿತ್ತು, ಆದರೆ ಕ್ಯಾನ್ಸಲ್ ಒತ್ತಿದರೂ ಒಳಗೆ ಬಿಡುತ್ತಿತ್ತು. ಭದ್ರತೆ ಎಂದರೆ ಸಂಜೆ ಲ್ಯಾಬಿಗೆ ಬೀಗ ಹಾಕುವುದು ಎಂದೇ ನನ್ನ ತಿಳಿವಳಿಕೆ.

ಬೆಣ್ಣೂರ ಸರ್ ಕಂಪ್ಯೂಟರ್ ಓದಿದವರಲ್ಲ. ರೇಡಿಯೋ ರಿಪೇರಿಯಿಂದ ಶುರು ಮಾಡಿ, ದೂರವಾಣಿ ಕೇಂದ್ರದಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ಇಲ್ಲಿಗೆ ಬಂದಿದ್ದರು. ಕುಳ್ಳ ದೇಹ, ಜೇಬಿನಲ್ಲಿ ಸದಾ ಒಂದು ಟೆಸ್ಟರ್. ಅವರ ಬಳಿ ಒಂದು ಉದ್ದನೆಯ ನೋಟುಬುಕ್ಕಿತ್ತು. ಪ್ರತಿ ಪುಟದಲ್ಲೂ ಮೂರು ಕಾಲಮ್ಮು: ಏನು ಕಂಡಿತು, ಏನು ಮುಟ್ಟಿದೆವು, ಏನನ್ನು ಮೊದಲಿನಂತೆ ಇಟ್ಟೆವು. ಮೂರನೆಯದು ಖಾಲಿ ಇದ್ದರೆ ಕೆಲಸ ಮುಗಿದಿಲ್ಲ ಎಂದು ಅವರ ಲೆಕ್ಕ.

ಎರಡು ಸಾವಿರದ ಒಂದೋ ಎರಡೋ ಇರಬೇಕು. ಸರ್ ಹುಬ್ಬಳ್ಳಿಯಿಂದ ಒಂದು ಸಿಡಿ ತಂದರು. ಮಧ್ಯಾಹ್ನ ನನ್ನನ್ನು ಕರೆದು ಪರದೆ ತೋರಿಸಿದರು. ಅದರಲ್ಲಿ ಒಂದು ಕಿಟಕಿ, ಆ ಕಿಟಕಿಯೊಳಗೆ ಇನ್ನೊಂದು ಕಂಪ್ಯೂಟರ್ ಆಗತಾನೆ ಎದ್ದು ಮೆಮೊರಿ ಎಣಿಸುತ್ತಿತ್ತು. ಒಂದೇ ಯಂತ್ರ ತನ್ನೊಳಗೆ ಎರಡನೆಯದನ್ನು ಸೃಷ್ಟಿಸಿಕೊಂಡು, ಅದಕ್ಕೆ ತನ್ನ ಡಿಸ್ಕಿನಲ್ಲೇ ಒಂದು ಫೈಲನ್ನು ಡಿಸ್ಕೆಂದು ಕೊಟ್ಟು ನಂಬಿಸುವ ತಂತ್ರಾಂಶ ಅದು. ಒಳಗಿನದು ಕೆಟ್ಟರೆ ಹೊರಗಿನದಕ್ಕೆ ಏನೂ ಆಗದು. ವಿದ್ಯಾರ್ಥಿಗಳು ಒಳಗೆ ಏನು ಬೇಕಾದರೂ ಹಾಳು ಮಾಡಿ ಕಲಿಯಬಹುದು. ಅದು ಎದ್ದು ನಿಲ್ಲಲು ಹತ್ತು ನಿಮಿಷ ಹಿಡಿಯುತ್ತಿತ್ತು. ಸರ್ ಆ ಹತ್ತು ನಿಮಿಷವೂ ಸ್ಟೂಲಿನ ಮೇಲೆ ಮುಂದೆ ಬಾಗಿ ಕೂತು ನೋಡಿದರು. ನಲವತ್ತೆಂಟು ವರ್ಷದ ಮನುಷ್ಯ ಹಾಗೆ ಬೆರಗಾಗಿ ಕೂತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ತೊಂದರೆ ಶುರುವಾದದ್ದು ಎರಡು ಮೂರು ವರ್ಷದ ಮೇಲೆ. ವೈರಸ್ಸಿನ ಕಾಟ ಹೆಚ್ಚಾದಂತೆ ಆಪರೇಟಿಂಗ್ ಸಿಸ್ಟಮ್ಮುಗಳು ಒಂದೊಂದಾಗಿ ಕಾವಲು ಹಾಕಿಕೊಳ್ಳತೊಡಗಿದವು. ಫೈರ್‌ವಾಲ್ ಬಂತು, ಎಲ್ಲ ಫೈಲನ್ನೂ ತಡವಿ ಪರೀಕ್ಷಿಸುವ ಆ್ಯಂಟಿವೈರಸ್ ಬಂತು, ಯಾವ ಪ್ರೋಗ್ರಾಮು ಎಲ್ಲಿ ಓಡಬೇಕು ಎಂಬ ಕಟ್ಟುಪಾಡು ಬಂತು. ಯಂತ್ರದೊಳಗೆ ಯಂತ್ರ ಕಟ್ಟುವ ನಮ್ಮ ತಂತ್ರಾಂಶ ಮಾಡುತ್ತಿದ್ದ ಎಷ್ಟೋ ಕೆಲಸಗಳು ಈ ಕಾವಲಿನ ಕಣ್ಣಿಗೆ ವೈರಸ್ಸಿನ ಕೆಲಸದಂತೆಯೇ ಕಾಣುತ್ತಿದ್ದವು.

ನನ್ನ ದೊಡ್ಡ ತಪ್ಪು ಆಗಲೇ ಆಯಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ದಿನ ಇತ್ತು. ಸರ್ ತುಳಸಿಗೇರಿಯಲ್ಲಿ ನೆಂಟರ ಮದುವೆಗೆ ಹೋಗಿದ್ದರು. ಲ್ಯಾಬಿನ ಕಂಪ್ಯೂಟರುಗಳೊಳಗಿನ ಒಳಯಂತ್ರಗಳೆಲ್ಲ ಆಮೆಯಂತೆ ತೆವಳುತ್ತಿದ್ದವು. ಹುಡುಕಿ ನೋಡಿದರೆ, ಒಳಯಂತ್ರಕ್ಕೆ ಡಿಸ್ಕೆಂದು ಕೊಟ್ಟ ಆ ದೊಡ್ಡ ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ್ಯಂಟಿವೈರಸ್ ಮತ್ತೆ ಮತ್ತೆ ಅದನ್ನು ತಡವಲು ಹೋಗುತ್ತಿತ್ತು. ಕಾರಣ ಸಿಕ್ಕಿದ ಹುರುಪಿನಲ್ಲಿ ನಾನು ಇಡೀ ಲ್ಯಾಬಿನ ಆ್ಯಂಟಿವೈರಸ್ ನಿಲ್ಲಿಸಿಬಿಟ್ಟೆ. ಯಂತ್ರಗಳು ಜಿಂಕೆಯಂತೆ ಓಡಿದವು. ವಿದ್ಯಾರ್ಥಿಗಳು ಅಕ್ಕೋರು ಭಾಳ ಶಾಣ್ಯಾರು ಎಂದರು. ಮರುದಿನ ಮಧ್ಯಾಹ್ನದೊಳಗೆ ಯಾರದೋ ಪೆನ್ ಡ್ರೈವಿನಿಂದ ಬಂದ ವೈರಸ್ ಹಂಚಿಕೆಯ ಫೋಲ್ಡರುಗಳ ಮೂಲಕ ಲ್ಯಾಬಿಡೀ ಹಬ್ಬಿ, ಅಂತಿಮ ವರ್ಷದವರ ಪ್ರಾಜೆಕ್ಟ್ ಫೈಲುಗಳನ್ನು ತಿಂದುಹಾಕಿತು. ಕೆಲವರ ಬಳಿ ಇನ್ನೊಂದು ಪ್ರತಿ ಇತ್ತು, ಕೆಲವರ ಬಳಿ ಇರಲಿಲ್ಲ. ಶಿರೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಖಾಲಿ ಫೋಲ್ಡರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತ ಕೂತಿದ್ದಳು. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಸರ್ ಬಂದವರು ನನ್ನನ್ನು ಕೇಳಿದ್ದು ಒಂದೇ, ಏನೇನು ಮುಟ್ಟಿದಿರಿ ಎಂದು. ಎಲ್ಲ ಹೇಳಿದೆ. ಅವರು ಪ್ರಾಂಶುಪಾಲರ ಕೋಣೆಗೆ ಹೋಗಿ, ಲ್ಯಾಬ್ ನನ್ನ ಜವಾಬ್ದಾರಿ, ತಪ್ಪು ನನ್ನದು, ಪರೀಕ್ಷೆ ಒಂದು ವಾರ ಮುಂದೆ ಹಾಕಿಕೊಡಿ ಎಂದರು. ನನ್ನ ಹೆಸರು ಅಲ್ಲಿ ಬರಲೇ ಇಲ್ಲ. ಆ ವಾರ ನಾವಿಬ್ಬರೂ ಆ ಹುಡುಗಿಯ ಜೊತೆ ಕೂತು, ಅವಳ ಕಾಗದದ ಟಿಪ್ಪಣಿ ನೋಡಿಕೊಂಡು ಪ್ರಾಜೆಕ್ಟ್ ಮತ್ತೆ ಕಟ್ಟಿಸಿದೆವು. ಅದೆಲ್ಲ ಮುಗಿದ ಮೇಲೆ ಸರ್ ಆ್ಯಂಟಿವೈರಸ್ಸಿನ ಒಂದು ಪಟ್ಟಿ ತೆಗೆದು ತೋರಿಸಿದರು. ಈ ಒಂದು ಫೋಲ್ಡರನ್ನು ತಡವಬೇಡ ಎಂದು ಅಲ್ಲಿ ಬರೆದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ.

"ಕಾರಣ ನೀವು ಸರಿಯಾಗೇ ಹುಡುಕಿದ್ರಿ," ಎಂದರು. "ಆದ್ರ ಒಂದು ಕಿಡಕಿ ತೆಗಿಯೂದಿತ್ತು, ನೀವು ಇಡೀ ಗ್ವಾಡೀನ ಕೆಡವಿದ್ರಿ."

ಆಮೇಲೆ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟು, ಇದನ್ನು ನೀವೇ ಬರೆಯಿರಿ ಎಂದರು. ನಾನು ಬರೆದೆ. ಆ ಪುಟದ ಮೂರನೆಯ ಕಾಲಮ್ಮಿನಲ್ಲಿ ಬರೆಯಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ.

ಕಾಲೇಜಿನ ಹೊರಗಿನ ಕೆಲಸಗಳೂ ಬರುತ್ತಿದ್ದವು. ಹಳೆ ವಿದ್ಯಾರ್ಥಿಗಳು ಸುತ್ತಲಿನ ಊರುಗಳಲ್ಲಿ ಕೆಲಸದಲ್ಲಿದ್ದರು, ತೊಡಕಾದರೆ ಸರ್‌ಗೆ ಫೋನು. ಶನಿವಾರ ಮಧ್ಯಾಹ್ನ ನಾವಿಬ್ಬರೂ ಬಸ್ಸು ಹಿಡಿಯುತ್ತಿದ್ದೆವು. ಒಮ್ಮೆ ನಾನೊಬ್ಬಳೇ ಬಾದಾಮಿಗೆ ಹೋದೆ. ಅಲ್ಲೊಂದು ವಸತಿಗೃಹ, ಅವರ ಹಳೆಯ ಬುಕಿಂಗ್ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನ ಒಳಯಂತ್ರದಲ್ಲಿ ಕೂರಿಸಬೇಕಿತ್ತು. ಹೊಸ ಪ್ರೊಸೆಸರುಗಳಲ್ಲಿ ಈ ಕೆಲಸಕ್ಕೆಂದೇ ಒಂದು ಸೌಲಭ್ಯ ಬಂದಿತ್ತು. ಕಳ್ಳ ಪ್ರೋಗ್ರಾಮುಗಳು ಅದನ್ನೇ ಬಳಸಿ ಅಡಗಿ ಕೂರಬಹುದು ಎಂಬ ಭಯಕ್ಕೆ ತಯಾರಿಸಿದವರು ಅದನ್ನು ಮುಚ್ಚಿಯೇ ಕಳಿಸುತ್ತಿದ್ದರು. ನಾನು ಸೆಟ್ಟಿಂಗಿಗೆ ಹೋಗಿ ತೆರೆದೆ, ಯಂತ್ರ ರೀಸ್ಟಾರ್ಟ್ ಮಾಡಿದೆ. ಸೌಲಭ್ಯ ಇಲ್ಲ ಎಂಬ ಸಂದೇಶವೇ ಬಂತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ. ಮಾಲೀಕರು ಪಾಪ ಮಂಡಕ್ಕಿ, ಚಹಾ ತರಿಸುತ್ತಲೇ ಇದ್ದರು. ಸೋತು, ಯಂತ್ರವೇ ಸರಿಯಿಲ್ಲ, ಬದಲಿಸಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ತಂತಿಯ ಮೇಲೆ ಮಂಗಗಳು ಜಗಳಕ್ಕೆ ಬಿದ್ದು ಕರೆಂಟು ಹೋಯಿತು. ತಿರುಗಿ ಬಂದ ಮೇಲೆ ಯಂತ್ರ ಹಚ್ಚಿದರೆ ಎಲ್ಲವೂ ಸರಿಯಾಗಿತ್ತು.

ಸೋಮವಾರ ಸರ್ ಎದುರು ಇದನ್ನು ಮಂಗಗಳ ಪವಾಡವೆಂದು ಹೇಳಿದೆ. ಅವರು ನಗುತ್ತಲೇ, ಈ ಸೌಲಭ್ಯ ರೀಸ್ಟಾರ್ಟಿಗೆ ಬದಲಾಗುವುದಿಲ್ಲ, ಪೂರ್ತಿ ಕರೆಂಟು ಕಡಿದು ಹಚ್ಚಿದರೆ ಮಾತ್ರ ಎಂದು ವಿವರಿಸಿದರು. ಸೆಟ್ಟಿಂಗಿನ ಪುಟದಲ್ಲೇ ಕೆಳಗೆ ಅದನ್ನು ಸಣ್ಣಕ್ಷರದಲ್ಲಿ ಬರೆದಿತ್ತಂತೆ. ನಾನು ಹತ್ತು ಸಲ ಆ ಪುಟ ತೆರೆದಿದ್ದೆ, ಒಮ್ಮೆಯೂ ಕೆಳಗಿನವರೆಗೆ ಓದಿರಲಿಲ್ಲ.

ಇಳಕಲ್ಲಿನ ಕರೆ ಬಂದದ್ದು ಅದಾದ ಮರುವರ್ಷ. ಅಲ್ಲಿನ ನೇಕಾರರ ಒಂದು ಸಂಘದ ಕಾರ್ಯದರ್ಶಿ ನಮ್ಮ ಹಳೆ ವಿದ್ಯಾರ್ಥಿ, ಬಸವರಾಜ ಎಂದು. ಸಂಘದ ಹಳೆ ಕಂಪ್ಯೂಟರ್ ಸತ್ತಿದೆ, ಡಿಸ್ಕು ಉಳಿದಿದೆ, ಅದರಲ್ಲಿ ಸೀರೆಯ ಅಂಚಿನ ಇನ್ನೂರು ಚಿಲ್ಲರೆ ವಿನ್ಯಾಸಗಳಿವೆ, ಅವುಗಳನ್ನು ತೆರೆಯುವ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಏಳುತ್ತಿಲ್ಲ ಎಂದ. ಪ್ರೋಗ್ರಾಮು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ವಿನ್ಯಾಸ ಬರೆದ ಮಹಾಂತಪ್ಪ ಇದ್ದರು, ಆದರೆ ಅವರ ಕಣ್ಣು ಹೋಗುತ್ತ ಬಂದಿತ್ತು. ಮತ್ತೆ ಬರೆಯುವುದು ಆಗದ ಮಾತು. ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ನೀಲವ್ವ ಎಂಬ ನೇಕಾರ್ತಿ ಮಗ್ಗಕ್ಕೆ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಏರಿಸಿ, ಅಂಚಿನ ಕಾರ್ಡಿಗಾಗಿ ಕಾಯುತ್ತ ಕೂತಿದ್ದಳು. ಕಾರ್ಡು ಎಂದರೆ ತೂತು ಹೊಡೆದ ರಟ್ಟಿನ ಪಟ್ಟಿ. ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂದು ಮಗ್ಗಕ್ಕೆ ಹೇಳುವುದು ಆ ತೂತು.

ಶನಿವಾರ ಮುಂಜಾನೆಯೇ ಹೊರಟು, ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲು ಮುಟ್ಟಿದೆವು. ಸಂಘದ ಕೋಣೆಯಲ್ಲಿ ಬಸವರಾಜನ ಪಕ್ಕ ಮಹಾಂತಪ್ಪ ಕೂತಿದ್ದರು. ಬಿಳಿ ಧೋತರ, ಕೊರಳಲ್ಲಿ ಲಿಂಗ, ದಪ್ಪ ಕನ್ನಡಕ. ನಾವು ಬಂದದ್ದು ತಿಳಿದು ದನಿ ಬಂದ ಕಡೆಗೆ ಕೈ ಮುಗಿದರು.

ಹಳೆ ಡಿಸ್ಕಿನಿಂದ ಎಲ್ಲವನ್ನೂ ತೆಗೆದು ಒಳಯಂತ್ರ ಕಟ್ಟಿದೆವು. ಅದನ್ನು ಎಬ್ಬಿಸಿದ ಕೂಡಲೇ ಕಿಟಕಿ ಮುಚ್ಚಿಹೋಯಿತು. ನಿಮ್ಮ ಕಂಪ್ಯೂಟರಿನ ರಕ್ಷಣೆಗಾಗಿ ಈ ಪ್ರೋಗ್ರಾಮನ್ನು ನಿಲ್ಲಿಸಲಾಗಿದೆ ಎಂಬ ಸಂದೇಶ. ಸರ್ ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಆಗ ಬಂದಿದ್ದ ಒಂದು ಕಾವಲು ಅದು. ಮಾಹಿತಿ ಇಡುವ ಜಾಗದಲ್ಲಿ ಯಾರಾದರೂ ಆಜ್ಞೆಗಳನ್ನು ಬರೆದು ಓಡಿಸಲು ಹೋದರೆ ಅವರನ್ನು ಅಲ್ಲೇ ನಿಲ್ಲಿಸುತ್ತದೆ. ವೈರಸ್ ಮಾಡುವುದೂ ಅದನ್ನೇ, ನಮ್ಮ ಒಳಯಂತ್ರ ಮಾಡುವುದೂ ಅದನ್ನೇ. ಕಂಪ್ಯೂಟರ್ ಮಾರಿದವರು ಆ ಕಾವಲನ್ನು ಎಲ್ಲ ಪ್ರೋಗ್ರಾಮಿಗೂ ಅನ್ವಯಿಸಿ ಹೋಗಿದ್ದರು. ಬಸವರಾಜ ಅದನ್ನು ಪೂರ್ತಿ ತೆಗೆದುಬಿಡಿ ಎಂದ. ಸರ್ ನನ್ನ ಕಡೆ ನೋಡಿದರು. ನಾನು ವಿನಾಯಿತಿಯ ಪಟ್ಟಿ ತೆರೆದು ನಮ್ಮ ಒಂದೇ ಪ್ರೋಗ್ರಾಮಿನ ಹೆಸರು ಸೇರಿಸಿದೆ. ಒಳಯಂತ್ರ ಎದ್ದು ನಿಂತಿತು. ವಿನ್ಯಾಸಗಳು ಒಂದೊಂದಾಗಿ ತೆರೆದುಕೊಂಡವು.

ಬಸವರಾಜನಿಗೆ ಖುಷಿಯೋ ಖುಷಿ. ನೀಲವ್ವನಿಗೆ ಬೇಕಾದ ಅಂಚನ್ನು ಎಳೆಗೊಂದು ಚೌಕದ ನಕ್ಷೆಯಾಗಿ ಮುದ್ರಿಸಿ, ಈಗಲೇ ಕಾರ್ಡು ಹೊಡೆಯುವವರಿಗೆ ಕಳಿಸುತ್ತೇನೆಂದು ಎದ್ದ. ಮಹಾಂತಪ್ಪ ಕಾಗದ ಕೇಳಿದರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಉಗುರಿನಿಂದ ಚೌಕ ಚೌಕ ಎಣಿಸುತ್ತ ಹೋದರು. ಎರಡು ಸಲ ಎಣಿಸಿ ಕಾಗದ ಕೆಳಗಿಟ್ಟರು.

"ಇದು ನಂದಲ್ರಿ," ಎಂದರು.

ಬಸವರಾಜ ನನ್ನ ಕಡೆ ತಿರುಗಿ, ಕಣ್ಣಿನ ಆಪರೇಷನ್ ಆದ ಮೇಲೆ ಕಾಕಾಗೆ ಸರಿಯಾಗಿ ಕಾಣುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡೆ. ಫೈಲು ಅದೇ, ಪ್ರೋಗ್ರಾಮು ಅದೇ, ಅಂಚು ಬೇರೆಯಾಗುವುದು ಹೇಗೆ? ಅದೂ ಅಲ್ಲದೆ ಕೆಲಸ ಮುಗಿದ ಸುಖ ನನ್ನನ್ನು ಆವರಿಸಿತ್ತು.

ಬೆಣ್ಣೂರ ಸರ್ ಮಾತ್ರ ಕುರ್ಚಿಯನ್ನು ಮಹಾಂತಪ್ಪನವರ ಎದುರಿಗೆ ಎಳೆದುಕೊಂಡು ಕೂತರು. "ಎಲ್ಲಿ ತಪ್ಪೇತಿ ಹೇಳ್ರಿ, ಕಾಕಾರ. ನನಗ ಈ ಅಂಚು ಗೊತ್ತಿಲ್ಲ, ನಿಮಗ ಗೊತ್ತೈತಿ."

"ಎಲ್ಲಿ ಅಂತ ಹೇಳಾಕ ಸೀರಿ ಬೇಕ್ರಿ," ಎಂದು ಅವರು ಎದ್ದರು.

ಮನೆ ಅದೇ ಓಣಿಯಲ್ಲಿತ್ತು. ಅವರು ಗೋಡೆ ಹಿಡಿದುಕೊಂಡು ಹೋಗಿ, ಹೆಂಡತಿಯ ಒಂದು ಹಳೆ ಸೀರೆ ತಂದರು. ದಾಳಿಂಬೆ ಬಣ್ಣದ್ದು, ತೊಳೆದು ತೊಳೆದು ಮೆತ್ತಗಾಗಿತ್ತು. ಅದೇ ಅಂಚು. ಹಾಸಿಗೆಯ ಹಾಗೆ ಮೇಜಿನ ಮೇಲೆ ಹರವಿ, ನನ್ನ ಕೈಗೊಂದು ಸೂಜಿ ಕೊಟ್ಟರು. ಅವರು ಬೆರಳಿಟ್ಟು ಹೇಳಿದಲ್ಲಿ ನಾನು ಸೂಜಿಯಿಂದ ಎಳೆ ಎಣಿಸಿದೆ, ಸರ್ ಕಾಗದದ ಚೌಕ ಎಣಿಸಿದರು. ಮೊದಲ ಹತ್ತಾರು ಸಾಲು ಸರಿಯಾಗಿ ಕೂಡಿದವು. ಆಮೇಲೆ ಕಾಗದದಲ್ಲಿ ಒಂದು ಸಾಲು ಕಡಿಮೆ. ಇನ್ನಷ್ಟು ದೂರ ಹೋದ ಮೇಲೆ ಮತ್ತೊಂದು. ಪರದೆಯ ಮೇಲೆ ನೋಡಿದರೆ ಯಾರಿಗೂ ತಿಳಿಯದಷ್ಟು ಸಣ್ಣ ಕೊರತೆ. ಆ ಕಾಗದದಂತೆ ಕಾರ್ಡು ಹೊಡೆದಿದ್ದರೆ ನೀಲವ್ವನ ಇಡೀ ಹಾಸು ಕೆಟ್ಟುಹೋಗುತ್ತಿತ್ತು.

ಸರ್ ಸಾಲು ಕಡಿಮೆ ಬಿದ್ದ ಕಡೆಗಳಿಗೆ ಕಾಗದದ ಮೇಲೆ ಗುರುತು ಹಾಕಿದರು. ಆಮೇಲೆ ಹಳೆ ಕಂಪ್ಯೂಟರಿನ ಡಬ್ಬಿ ಎಲ್ಲಿದೆ ಎಂದು ಕೇಳಿದರು. ಅದು ಮೆಟ್ಟಿಲ ಕೆಳಗೆ ನೂಲಿನ ಗಂಟುಗಳ ಹಿಂದೆ ಬಿದ್ದಿತ್ತು. ಅದರ ಬೆನ್ನಿಗೆ, ಪ್ರಿಂಟರಿನ ಕೇಬಲ್ಲು ಸೇರುವ ಜಾಗದಲ್ಲಿ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ತುಂಡು ಸಿಕ್ಕಿಕೊಂಡಿತ್ತು. ನಾನದನ್ನು ಕೇಬಲ್ಲಿನ ಜೋಡಣೆ ಎಂದುಕೊಂಡೆ. ಇಂಥದ್ದನ್ನು ಬೇರೆ ಕಡೆ ಕಂಡಿದ್ದ ಸರ್ ಹೇಳಿದರು, ಅದು ಆ ಪ್ರೋಗ್ರಾಮಿನ ಕೀಲಿ. ಕದ್ದ ಪ್ರತಿ ಬಳಸುವವರಿಗೆ ಬುದ್ಧಿ ಕಲಿಸಲು ತಯಾರಿಸಿದವರು ಹೂಡಿದ್ದ ಉಪಾಯ ಅದು. ಕೀಲಿ ಇಲ್ಲದಿದ್ದರೆ ಪ್ರೋಗ್ರಾಮು ನಿಲ್ಲುವುದಿಲ್ಲ, ಅಲ್ಲಲ್ಲಿ ಒಂದು ಸಾಲು ನುಂಗಿ ಸುಳ್ಳು ವಿನ್ಯಾಸ ಕೊಡುತ್ತದೆ.

ಕೀಲಿಯನ್ನು ತೆಗೆದು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದೆವು. ಮುದ್ರಿಸಿ ಎಣಿಸಿದರೆ ಇನ್ನೂ ಸಾಲು ಕಡಿಮೆಯೇ. ಕೀಲಿ ಹೊರಗಿನ ಯಂತ್ರಕ್ಕೆ ಸಿಕ್ಕಿದೆ, ಒಳಗಿನದಕ್ಕೆ ಕಾಣುತ್ತಿಲ್ಲ. ಸರ್ ಸ್ಟೂಲಿನಿಂದ ಎದ್ದು, "ಇದನ್ನ ನೀವ ನೋಡ್ರಿ, ಶಾರದಾ ಅವ್ರ," ಎಂದು ಜಾಗ ಬಿಟ್ಟುಕೊಟ್ಟರು.

ನಾನು ಕೂತೆ. ಈ ಸಲ ಅವಸರ ಮಾಡಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ಮುಗಳು ಯಾವ ಪ್ರೋಗ್ರಾಮನ್ನೂ ನೇರವಾಗಿ ಪ್ರಿಂಟರಿನ ಕಿಂಡಿ ಮುಟ್ಟಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಹಾಗಾದರೆ ನಮ್ಮ ತಂತ್ರಾಂಶ ಅದಕ್ಕಾಗಿ ತನ್ನದೊಂದು ಸಹಾಯಕ ಸೇವೆಯನ್ನು ಇಟ್ಟುಕೊಂಡಿರಲೇಬೇಕು. ಹಿನ್ನೆಲೆಯಲ್ಲಿ ಓಡುವ ಸೇವೆಗಳ ಪಟ್ಟಿ ತೆರೆದು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ಓದಿದೆ. ಅಕ್ಷರ ಸಣ್ಣವು, ಪಟ್ಟಿ ಉದ್ದ. ಮುಕ್ಕಾಲು ಭಾಗ ಇಳಿದ ಮೇಲೆ ಸಿಕ್ಕಿತು. ಕಂಪ್ಯೂಟರ್ ಮಾರಿದವರು ಹಾಕಿಕೊಟ್ಟಿದ್ದ ಭದ್ರತೆಯ ಪ್ರೋಗ್ರಾಮು, ಗುರುತಿಲ್ಲದ ಸೇವೆಯೆಂದು ಅದನ್ನು ಹುಟ್ಟಿದಾಗಲೇ ನಿಲ್ಲಿಸಿಬಿಟ್ಟಿತ್ತು. ಆ ಒಂದನ್ನು ಗುರುತಿನ ಪಟ್ಟಿಗೆ ಸೇರಿಸಿ ಹಚ್ಚಿದೆ. ಉಳಿದ ಯಾವುದನ್ನೂ ಮುಟ್ಟಲಿಲ್ಲ. ಸಂಘದ ಪ್ರಿಂಟರನ್ನು ಬೇರೆ ಕಿಂಡಿಗೆ ಹಾಕಿ, ಮೊದಲಿನ ಕಿಂಡಿಯನ್ನು ಕೀಲಿಗೇ ಬಿಟ್ಟುಕೊಟ್ಟೆ.

ಮತ್ತೆ ಮುದ್ರಿಸಿದೆವು. ಮಹಾಂತಪ್ಪ ಈ ಸಲ ಕಾಗದ ಹತ್ತಿರ ಹಿಡಿಯಲಿಲ್ಲ. ನನಗೇ ಗಟ್ಟಿಯಾಗಿ ಎಣಿಸಲು ಹೇಳಿ, ತಾವು ಕಣ್ಣು ಮುಚ್ಚಿ ಸೀರೆಯ ಅಂಚಿನ ಮೇಲೆ ಬೆರಳು ಸರಿಸುತ್ತ ಬಂದರು. ಕಾಗದದ ಕೊನೆಯೂ ಬೆರಳಿನ ಕೊನೆಯೂ ಒಂದೇ ಕಡೆ ಬಂದು ನಿಂತವು. ಬಸವರಾಜ ಬಾಗಿ ಅವರ ಕಾಲು ಮುಟ್ಟಿದ.

ನೀಲವ್ವನ ಸೀರೆ ಮಗ್ಗದಿಂದ ಸರಿಯಾಗಿ ಇಳಿಯಿತೆಂದು ಆಮೇಲೆ ಫೋನು ಬಂತು. ತಿಂಗಳ ಮೇಲೆ ನಾವು ಉಳಿದ ವಿನ್ಯಾಸಗಳ ಪ್ರತಿ ಮಾಡಿಡಲು ಮತ್ತೆ ಹೋದೆವು. ಒಂದೊಂದು ಫೈಲನ್ನು ತೆರೆದು ನೋಡುವಾಗ, ವಿನ್ಯಾಸಕಾರರ ಹೆಸರು ಬರೆಯುವ ಒಂದು ಜಾಗ ಇರುವುದು ನನ್ನ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ಅದು ಖಾಲಿ. ನಿಮ್ಮ ಹೆಸರು ಹಾಕಲೇ ಎಂದು ಮಹಾಂತಪ್ಪನವರನ್ನು ಕೇಳಿದೆ.

"ನಂದ್ಯಾಕವ್ವಾ? ನಾ ಬರೇ ಎಣಿಸಿ ಬರದೇನಿ," ಎಂದರು. "ನೇಯ್ದವರ ಹೆಸರು ಹಾಕು. ನಾ ಹೇಳ್ತೇನಿ."

ಆ ಇಡೀ ದಿನ ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ನಾನು ಅಂಚಿನ ರೂಪ ಬಾಯಲ್ಲಿ ವರ್ಣಿಸಿದರೆ ಸಾಕು, ಇದು ಮೊದಲು ಬಂದದ್ದು ಇಂಥವರ ಮಗ್ಗದ ಮೇಲೆ, ಇದರ ಎಳೆ ಎಣಿಸುತ್ತ ತಮ್ಮ ತಾಯಿ ಹಾಡಿಕೊಳ್ಳುತ್ತಿದ್ದಳು, ಇದು ಹುನಗುಂದದ ಇಬ್ಬರು ಅಕ್ಕತಂಗಿಯರದು ಎಂದು ಹೇಳುತ್ತಿದ್ದರು. ಅರ್ಧಕ್ಕರ್ಧ ಜನ ತೀರಿಕೊಂಡವರು. ಊಟಕ್ಕೆ ಅವರ ಮನೆಯಿಂದಲೇ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಉಂಡು ಮತ್ತೆ ಕೂತೆವು. ನಡುವೆ ಒಮ್ಮೆಯೂ ಅವರು ತಡವರಿಸಲಿಲ್ಲ.

ಸಂಜೆ ಕೊನೆಯ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಂದು ಅಂಚು ಬಂದಾಗ ಮಾತ್ರ ಅವರು ಮುಂದಿನದಕ್ಕೆ ಹೋಗು ಎಂದರು. ಸಣ್ಣ ಸಣ್ಣ ಚಿಕ್ಕೆಗಳ ನಡುವೆ ಒಂದೇ ಎಳೆಯ ಗೀಟು, ಬೇರೆ ಯಾವುದರಲ್ಲೂ ಇಲ್ಲದ್ದು. ಇದು ಯಾರದು ಕಾಕಾ ಎಂದು ಮತ್ತೆ ಕೇಳಿದೆ.

"ಅದನ್ನ ಖಾಲಿ ಬಿಡವ್ವಾ," ಎಂದು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳತೊಡಗಿದರು.

ಆ ಅಂಚು ಅವರದೇ ಎಂದು ಹೊಳೆದು, ನಾನು ಆ ಜಾಗದಲ್ಲಿ ಮಹಾಂತಪ್ಪನವರ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿದೆ. ಅವರಿಗೆ ಪರದೆ ಕಾಣುತ್ತಿರಲಿಲ್ಲ. ಬೆಣ್ಣೂರ ಸರ್‌ಗೆ ಕಾಣುತ್ತಿತ್ತು. ಅವರು ಪರದೆಯನ್ನೊಮ್ಮೆ ನೋಡಿ, ನನ್ನ ಹೆಗಲ ಮೇಲಿಂದ ಕೈ ಚಾಚಿ, ಫೈಲನ್ನು ತಾವೇ ಸೇವ್ ಮಾಡಿದರು.